ಪಿಕ್‌ಅಪ್ ಗಾಡಿಯ ಗುಂಯ್ ಸದ್ದು: ಬಿಚ್ಚುವ ಮೊದಲು ಪತ್ತೆ ಹಚ್ಚುವ ಬಗೆ

(ರೈತರ ತರಬೇತಿ ಶಿಬಿರವೊಂದರಲ್ಲಿ ಮಾಡಿದ ಭಾಷಣದ ಲಿಖಿತ ರೂಪ)



ನಾನು ಬೇಸಾಯಶಾಸ್ತ್ರದ ಅಧ್ಯಾಪಕ. ಬಿತ್ತನೆ, ಗೊಬ್ಬರ, ಕಳೆಗಳ ವಿಷಯವಾಗಿ ತಮ್ಮೊಡನೆ ಮಾತನಾಡುವುದು ನನ್ನ ವಾಡಿಕೆ. ಇಂದು ಗಾಡಿಯ ಸದ್ದಿನ ಬಗ್ಗೆ ಮಾತನಾಡಲು ನಿಂತಿರುವುದನ್ನು ಕಂಡು ತಮಗೆ ಆಶ್ಚರ್ಯವಾಗಬಹುದು. ಆದರೆ ಈ ಸಭೆಯ ಹೊರಗೆ ಸಾಲಾಗಿ ನಿಂತಿರುವ ಪಿಕ್‌ಅಪ್ ಗಾಡಿಗಳನ್ನು ನೋಡಿಕೊಂಡೇ ಒಳಗೆ ಬಂದೆ. ಬಹಳಷ್ಟು ಗಾಡಿಗಳಿಗೆ ಹಿಂದೆ ಹೆಚ್ಚಿಗೆ ಪ್ಲೇಟು ಹಾಕಿಸಿದ್ದೀರಿ, ಕೆಲವಕ್ಕೆ ದೊಡ್ಡ ಟೈರು ಹಾಕಿಸಿದ್ದೀರಿ. ಬೆಳೆದ ಬೆಳೆ ಮಾರುಕಟ್ಟೆಗೆ ಸಕಾಲಕ್ಕೆ ಮುಟ್ಟಿದರೆ ಮಾತ್ರ ಬೆಲೆ. ಆದ್ದರಿಂದ ಗಾಡಿಯ ಆರೋಗ್ಯವೂ ಬೇಸಾಯದ ಒಂದು ಭಾಗವೇ ಸರಿ.

ಇನ್ನೂ ಒಂದು ಕಾರಣವಿದೆ. ಬೆಳೆಯ ರೋಗ ಪತ್ತೆ ಮಾಡುವ ಕ್ರಮಕ್ಕೂ ಗಾಡಿಯ ಸದ್ದು ಪತ್ತೆ ಮಾಡುವ ಕ್ರಮಕ್ಕೂ ಹೆಚ್ಚಿನ ವ್ಯತ್ಯಾಸವಿಲ್ಲ. ಬೆಳೆ ಹಳದಿಯಾಗಿದೆ ಎಂದ ಮಾತ್ರಕ್ಕೆ ಯೂರಿಯಾ ಎರಚಬಾರದು ಎಂದು ನಾವು ಹೇಳುತ್ತೇವೆ. ಕೆಳಗಿನ ಹಳೆಯ ಎಲೆ ಮೊದಲು ಹಳದಿಯಾದರೆ ಸಾರಜನಕದ ಕೊರತೆ ಇರಬಹುದು. ಮೇಲಿನ ಎಳೆಯ ಎಲೆ ಮೊದಲು ಹಳದಿಯಾದರೆ ಗಂಧಕ ಇಲ್ಲವೇ ಕಬ್ಬಿಣದ ಕೊರತೆ ಇರಬಹುದು. ಬಣ್ಣ ಒಂದೇ, ಆದರೆ ಎಲ್ಲಿ ಬಂತು, ಯಾವಾಗ ಬಂತು ಎಂಬುದರ ಮೇಲೆ ಮದ್ದು ಬೇರೆ. ಗಾಡಿಯ ಗುಂಯ್ ಸದ್ದೂ ಹಾಗೆಯೇ.

ನಮ್ಮ ಮನೆಯಲ್ಲೇ ನಡೆದ ಪ್ರಸಂಗ

ಇದನ್ನು ನಾನು ಕಲಿತದ್ದು ತಪ್ಪು ಮಾಡಿದ ಮೇಲೆ. ಕೋಲಾರದ ಕಡೆ ಇರುವ ನಮ್ಮ ಅಣ್ಣನವರದು ಟೊಮ್ಯಾಟೊ ಬೇಸಾಯ. ಅವರ ಪಿಕ್‌ಅಪ್ ಗಾಡಿಗೆ ತಯಾರಕರು ಗೊತ್ತುಮಾಡಿರುವ ಹೊರೆ 1,300 ಕಿಲೋ. ಅಣ್ಣ ಹಿಂದಿನ ಕಮಾನಿಗೆ ಎರಡೂ ಬದಿ ಎರಡೆರಡು ಪ್ಲೇಟು ಹೆಚ್ಚಿಗೆ ಹಾಕಿಸಿ, ದಪ್ಪ ಗುಬುಟಿನ ದೊಡ್ಡ ಟೈರು ತೊಡಿಸಿ, 15 ಕಿಲೋ ಬಾಕ್ಸುಗಳನ್ನು 125ರವರೆಗೆ ಹೇರುತ್ತಿದ್ದರು. ಹಣ್ಣಿನ ತೂಕವೇ 1,875 ಕಿಲೋ ಆಯಿತು, ಬಾಕ್ಸಿನ ತೂಕ ಬೇರೆ.

2023ರ ಜುಲೈ ತಿಂಗಳು. ಕೋಲಾರದ ಮಾರುಕಟ್ಟೆಯಲ್ಲಿ ಒಂದು ಬಾಕ್ಸು 2,000 ರೂಪಾಯಿ ದಾಟಿದ ದಿನಗಳು. ಅಣ್ಣ ಫೋನು ಮಾಡಿದರು: "ನೋಡಪ್ಪಾ, ಗಾಡೀಲಿ ಹಿಂದ್ಗಡೆ ಗುಂಯ್ ಅಂತೈತೆ. ಮೆಕ್ಯಾನಿಕ್ಕು ಕ್ರೌನ್ ಹೋಗೈತೆ ಅಂತಾನೆ. ಏನ್ ಮಾಡೋಣ?"

ನಾನು ಒಂದು ಪ್ರಶ್ನೆಯನ್ನೂ ಕೇಳಲಿಲ್ಲ. "ಅವರು ಹೇಳಿದ ಮೇಲೆ ಹಾಕಿಸಿಬಿಡಣ್ಣ" ಎಂದುಬಿಟ್ಟೆ.

ಕ್ರೌನ್ ಪಿನಿಯನ್ ಜೋಡಿ, ಕೂಲಿ ಎಲ್ಲ ಸೇರಿ 28,000 ರೂಪಾಯಿ ಆಯಿತು. ಸದ್ದು ಹೋಗಲಿಲ್ಲ. "ಹೊಸ ಕ್ರೌನು, ಪಳಗಬೇಕು" ಎಂದರಂತೆ. ಎಂಟನೆಯ ದಿನ ಬೆಳಗಿನ ಜಾವ, ಅಣ್ಣನ ಮಗ ತುಂಬಿದ ಗಾಡಿ ಓಡಿಸುತ್ತಿದ್ದಾಗ, ಬ್ರೇಕ್ ಒತ್ತಿದರೆ ಗಾಡಿ ಒಂದು ಬದಿಗೆ ಎಳೆಯತೊಡಗಿತು. ಸುಟ್ಟ ವಾಸನೆ ಬಂತು. ಹುಡುಗ ಬುದ್ಧಿವಂತಿಕೆಯಿಂದ ರಸ್ತೆಯ ಪಕ್ಕಕ್ಕೆ ನಿಲ್ಲಿಸಿದ. ಬಲಗಡೆ ಹಿಂದಿನ ಚಕ್ರದ ಬೇರಿಂಗ್ ಪೂರ್ತಿ ಹಾಳಾಗಿತ್ತು. ಎಣ್ಣೆಸೀಲು ಕಿತ್ತು, ಎಣ್ಣೆ ಬ್ರೇಕ್ ಲೈನಿಂಗಿನ ಮೇಲೆ ಹರಿದಿತ್ತು. ಇನ್ನೂ ನಾಲ್ಕಾರು ಮೈಲಿ ಓಡಿಸಿದ್ದರೆ ಆಕ್ಸಲ್ ಶಾಫ್ಟಿನ ಸಮೇತ ಚಕ್ರವೇ ಹೊರಬರುವ ಸಂಭವವಿತ್ತು. ಬಾಕ್ಸುಗಳನ್ನು ಬೇರೆ ಗಾಡಿಗೆ ಬದಲಾಯಿಸಿ ಮಾರುಕಟ್ಟೆ ಸೇರುವಷ್ಟರಲ್ಲಿ ಹರಾಜು ಮುಗಿಯುತ್ತ ಬಂದಿತ್ತು. ಆ ದಿನದ ಬೆಲೆ ಕೈತಪ್ಪಿತು. ಹುಡುಗ ಉಳಿದನಲ್ಲ ಎಂಬುದೇ ನಮಗೆ ಸಮಾಧಾನ.

ಸಂಜೆ ಊರಿಗೆ ಹೋದಾಗ ಆ ಹುಡುಗ ಒಂದು ಮಾತು ಹೇಳಿದ: "ಚಿಕ್ಕಪ್ಪಾ, ಎಡಕ್ಕೆ ತಿರುಗಿಸಿದಾಗೆಲ್ಲಾ ಸದ್ದು ಜೋರಾಗ್ತಿತ್ತು. ಬಲಕ್ಕೆ ತಿರುಗಿಸಿದ್ರೆ ಕಮ್ಮಿ. ಯಾರೂ ಕೇಳ್ಲೇ ಇಲ್ಲ." ರೋಗದ ವಿವರವೆಲ್ಲ ಆ ಮಾತಿನಲ್ಲೇ ಇತ್ತು. ವಿದ್ಯಾರ್ಥಿಗಳಿಗೆ ವರ್ಷಗಟ್ಟಲೆ ರೋಗಲಕ್ಷಣ ಪಾಠ ಹೇಳಿದ ನಾನು, ಗಾಡಿ ಓಡಿಸುವವನನ್ನು ಕೇಳಲಿಲ್ಲ.

ಮೆಕ್ಯಾನಿಕ್ಕನ್ನು ದೂರಿ ಫಲವಿಲ್ಲ. ಅವರು ನೋಡಿದ್ದು ಖಾಲಿ ಗಾಡಿಯನ್ನು, ಅಂಗಳದಲ್ಲಿ. ಮೇಲಾಗಿ ಹಿಂದಿನ ಹೌಸಿಂಗ್ ಒಂದೇ ಉಕ್ಕಿನ ಕೊಳವೆಯಾದ್ದರಿಂದ ತುದಿಯ ಬೇರಿಂಗಿನ ಸದ್ದು ನಡುವಿನ ಕ್ರೌನಿನಿಂದಲೇ ಬಂದಂತೆ ಕೇಳಿಸುತ್ತದೆ. ಕಿವಿ ಒಂದನ್ನೇ ನಂಬಿದರೆ ಯಾರಾದರೂ ಮೋಸ ಹೋಗುತ್ತಾರೆ. ಪರೀಕ್ಷೆಯನ್ನು ನಂಬಬೇಕು.

ಶಕ್ತಿ ಹರಿಯುವ ದಾರಿ

ಪರೀಕ್ಷೆ ಮಾಡುವ ಮೊದಲು ಇಂಜಿನಿನ ಶಕ್ತಿ ಚಕ್ರಕ್ಕೆ ಹೋಗುವ ದಾರಿಯನ್ನು ತಿಳಿದಿರಬೇಕು. ಬಾವಿಯ ನೀರು ಪಂಪಿನಿಂದ ಪೈಪಿಗೆ, ಪೈಪಿನಿಂದ ಕಾಲುವೆಗೆ, ಕಾಲುವೆಯಿಂದ ಮಡಿಗೆ ಹೋಗುವಂತೆ, ಇಲ್ಲಿ ಇಂಜಿನ್, ಕ್ಲಚ್, ಗೇರ್ ಬಾಕ್ಸ್, ಉದ್ದದ ಪ್ರೊಪೆಲ್ಲರ್ ಶಾಫ್ಟ್, ಹಿಂದಿನ ಹೌಸಿಂಗಿನೊಳಗಿನ ಪಿನಿಯನ್ ಮತ್ತು ಕ್ರೌನ್, ಆಕ್ಸಲ್ ಶಾಫ್ಟು, ಚಕ್ರದ ಬೇರಿಂಗ್, ಕೊನೆಗೆ ಟೈರು. ಉದ್ದನೆಯ ಗಾಡಿಗಳಲ್ಲಿ ಪ್ರೊಪೆಲ್ಲರ್ ಶಾಫ್ಟು ಎರಡು ತುಂಡಾಗಿದ್ದು, ನಡುವೆ ಸೆಂಟರ್ ಬೇರಿಂಗ್ ಅದನ್ನು ಹಿಡಿದಿರುತ್ತದೆ.

ಈ ಭಾಗಗಳೆಲ್ಲ ಒಂದೇ ವೇಗದಲ್ಲಿ ತಿರುಗುವುದಿಲ್ಲ ಎಂಬುದು ಮುಖ್ಯ. ಒಂದು ಉದಾಹರಣೆ ನೋಡೋಣ. 215/75 ಆರ್ 15 ಅಳತೆಯ ಟೈರಿನ ಸುತ್ತಳತೆ ಸುಮಾರು 2.2 ಮೀಟರು. ಗಾಡಿ ಗಂಟೆಗೆ 60 ಕಿಲೋಮೀಟರ್ ಓಡುವಾಗ ಆ ಚಕ್ರ ನಿಮಿಷಕ್ಕೆ ಸುಮಾರು 450 ಸುತ್ತು ತಿರುಗುತ್ತದೆ. ಪಿನಿಯನಿನಲ್ಲಿ 10 ಹಲ್ಲು, ಕ್ರೌನಿನಲ್ಲಿ 41 ಹಲ್ಲು ಇದ್ದರೆ ಪ್ರೊಪೆಲ್ಲರ್ ಶಾಫ್ಟು ಅದೇ ವೇಳೆಗೆ ಸುಮಾರು 1,850 ಸುತ್ತು ತಿರುಗುತ್ತದೆ. ಎಂದರೆ ಹಲ್ಲುಗಳು ಒಂದು ಸೆಕೆಂಡಿಗೆ 300ಕ್ಕಿಂತ ಹೆಚ್ಚು ಬಾರಿ ಒಂದಕ್ಕೊಂದು ತಾಗುತ್ತವೆ. ಆದುದರಿಂದಲೇ ಕ್ರೌನಿನ ಹಲ್ಲಿನ ಸದ್ದು ಸಣ್ಣ ದನಿಯಲ್ಲಿ ಊಳಿಟ್ಟಂತೆ ಕೇಳುತ್ತದೆ. ನಿಧಾನವಾಗಿ ತಿರುಗುವ ಚಕ್ರದ ಬೇರಿಂಗಿನ ಸದ್ದು ರಾಗಿಕಲ್ಲು ಬೀಸಿದಂತೆ ದಪ್ಪ ದನಿಯಲ್ಲಿ ಕೇಳುತ್ತದೆ. ಆದರೆ ಟೈರಿನ ಸುತ್ತ 60 ಗುಬುಟುಗಳಿದ್ದರೆ ಅವೂ ಸೆಕೆಂಡಿಗೆ 450 ಬಾರಿ ನೆಲಕ್ಕೆ ತಾಗಿ, ಕ್ರೌನಿನಂತೆಯೇ ಹಾಡುತ್ತವೆ. ದನಿ ಒಂದರಿಂದಲೇ ತೀರ್ಮಾನ ಮಾಡಬಾರದೆಂಬುದು ಇದಕ್ಕಾಗಿ.

ಮಾರ್ಪಾಡಿನಿಂದ ಆಗುವುದೇನು?

ಹೆಚ್ಚಿಗೆ ಪ್ಲೇಟು ಹಾಕಿಸಿದರೆ ಕಮಾನು ಗಟ್ಟಿಯಾಗುತ್ತದೆ. ಬೇರಿಂಗ್ ಗಟ್ಟಿಯಾಗುವುದಿಲ್ಲ. ಆಕ್ಸಲ್, ಕ್ರೌನ್, ಬ್ರೇಕ್ ಯಾವುದೂ ಗಟ್ಟಿಯಾಗುವುದಿಲ್ಲ. ಮೊದಲು ಹೊರೆ ಹೆಚ್ಚಾದರೆ ಗಾಡಿ ಹಿಂದೆ ಕುಗ್ಗಿ ನಮಗೆ ಎಚ್ಚರಿಕೆ ಕೊಡುತ್ತಿತ್ತು. ಈಗ ಆ ಎಚ್ಚರಿಕೆಯೂ ಇಲ್ಲದಂತಾಗುತ್ತದೆ. ಬೇರಿಂಗ್ ತಯಾರಕರ ಲೆಕ್ಕದಲ್ಲಿ, ಗುಂಡು ಬೇರಿಂಗಿನ ಮೇಲಿನ ಭಾರ ಕಾಲು ಪಾಲು ಹೆಚ್ಚಾದರೆ ಅದರ ಆಯುಸ್ಸು ಹತ್ತಿರ ಹತ್ತಿರ ಅರ್ಧಕ್ಕೆ ಇಳಿಯುತ್ತದೆ. ಭಾರ ಇಮ್ಮಡಿಯಾದರೆ ಎಂಟನೆಯ ಒಂದು ಪಾಲಿಗೆ ಇಳಿಯುತ್ತದೆ. ರೋಲರ್ ಬೇರಿಂಗಿನಲ್ಲಿ ಇಳಿತ ಇನ್ನೂ ಸ್ವಲ್ಪ ಹೆಚ್ಚು.

ಪ್ಲೇಟಿನಿಂದ ಇನ್ನೊಂದು ತೊಂದರೆಯಿದೆ. ಗಾಡಿಯ ಹಿಂಭಾಗ ಎತ್ತರವಾದಾಗ ಪ್ರೊಪೆಲ್ಲರ್ ಶಾಫ್ಟಿನ ಓರೆ ಬದಲಾಗುತ್ತದೆ. ಟ್ರ್ಯಾಕ್ಟರಿನ ರೋಟವೇಟರನ್ನು ಶಾಫ್ಟು ತಿರುಗುತ್ತಿರುವಾಗಲೇ ಬಹಳ ಮೇಲಕ್ಕೆ ಎತ್ತಿದರೆ ಕಟಕಟ ಸದ್ದು ಬರುವುದನ್ನು ತಾವು ಕಂಡಿದ್ದೀರಿ. ಕಾರಣ ಒಂದೇ. ಕ್ರಾಸು ಓರೆಯಲ್ಲಿ ತಿರುಗುವಾಗ ಪ್ರತಿ ಸುತ್ತಿಗೆ ಎರಡು ಬಾರಿ ಮುಂದಿನ ಭಾಗವನ್ನು ವೇಗವಾಗಿ ತಳ್ಳಿ, ಎರಡು ಬಾರಿ ನಿಧಾನ ಮಾಡುತ್ತದೆ. ಶಾಫ್ಟಿನ ಎರಡು ತುದಿಯ ಓರೆಯೂ ಸಮನಾಗಿದ್ದರೆ ಒಂದರ ಏರಿಳಿತವನ್ನು ಇನ್ನೊಂದು ಸರಿದೂಗಿಸುತ್ತದೆ. ಓರೆ ಹೆಚ್ಚು ಕಡಿಮೆಯಾದರೆ ನಡುಕವೂ ಗುಂಯ್ ಸದ್ದೂ ತಪ್ಪದು.

ದೊಡ್ಡ ಟೈರಿನಿಂದ ಇಂಜಿನಿಗೂ ಕ್ಲಚ್ಚಿಗೂ ಎಳೆತ ಹೆಚ್ಚು. ಟೈರಿನ ಎತ್ತರ ನೂರಕ್ಕೆ 8ರಷ್ಟು ಹೆಚ್ಚಿದರೆ ಮೀಟರು 60 ತೋರಿಸುವಾಗ ಗಾಡಿ ನಿಜವಾಗಿ 65ರ ಹತ್ತಿರ ಓಡುತ್ತಿರುತ್ತದೆ. ಚಕ್ರವನ್ನು ಹೊರಕ್ಕೆ ಚಾಚುವ ಅಗಲ ರಿಮ್ಮು ಹಾಕಿಸಿದರೆ ಬೇರಿಂಗಿನ ಮೇಲೆ ಸನ್ನೆಕೋಲಿನ ಒತ್ತಡ ಬೀಳುತ್ತದೆ. ಮೇಲಾಗಿ 1988ರ ಮೋಟಾರು ವಾಹನ ಕಾಯ್ದೆಯ 52ನೆಯ ಕಲಮಿನ ಪ್ರಕಾರ, ನೋಂದಣಿ ಪತ್ರದಲ್ಲಿರುವ ವಿವರಗಳು ತಯಾರಕರು ಗೊತ್ತುಮಾಡಿದ್ದಕ್ಕಿಂತ ಬೇರೆಯಾಗುವಂತೆ ಮಾಲೀಕರು ಗಾಡಿಯನ್ನು ಬದಲಾಯಿಸಕೂಡದು. ಇದನ್ನೂ ನೆನಪಿನಲ್ಲಿಡತಕ್ಕದ್ದು.

ಓಡಿಸಿ ನೋಡುವ ಐದು ಪರೀಕ್ಷೆಗಳು

ಈ ಪರೀಕ್ಷೆಗಳಿಗೆ ಯಾವ ಸಲಕರಣೆಯೂ ಬೇಡ. ಒಬ್ಬರು ಓಡಿಸಬೇಕು, ಇನ್ನೊಬ್ಬರು ಪಕ್ಕದ ಸೀಟಿನಲ್ಲಿ ಕುಳಿತು ಕೇಳಿ, ನೋಟ್ ಪುಸ್ತಕದಲ್ಲಿ ಬರೆದುಕೊಳ್ಳಬೇಕು. ಸದ್ದು ಕೇಳಲೆಂದು ಯಾರನ್ನೂ ಹಿಂದಿನ ಬಾಡಿಯಲ್ಲಿ ನಿಲ್ಲಿಸಕೂಡದು. ಜನಸಂಚಾರವಿಲ್ಲದ ಸಮನಾದ ರಸ್ತೆ ಬೇಕು. ಮೊದಲು ನಾಲ್ಕೂ ಟೈರಿನ ಗಾಳಿ ಸರಿಮಾಡಿಕೊಳ್ಳಿ. ಖಾಲಿ ಗಾಡಿಯಲ್ಲಿ ಒಮ್ಮೆ, ಮಿತಿಯೊಳಗಿನ ಹೊರೆಯೊಡನೆ ಒಮ್ಮೆ ಮಾಡಿ.

ಒಂದು: ನಿಂತಲ್ಲೇ ಪರೀಕ್ಷೆ. ಗಾಡಿ ನಿಲ್ಲಿಸಿ, ನ್ಯೂಟ್ರಲ್‌ನಲ್ಲಿಟ್ಟು ಇಂಜಿನ್ ವೇಗ ಏರಿಸಿ. ಸದ್ದು ಇಲ್ಲಿಯೇ ಬಂದರೆ ಹಿಂದಿನ ಹೌಸಿಂಗ್ ಮುಟ್ಟುವ ಅಗತ್ಯವೇ ಇಲ್ಲ. ಕ್ಲಚ್ ಒತ್ತಿದಾಗ ಸದ್ದು ನಿಂತರೆ ಗೇರ್ ಬಾಕ್ಸಿನ ಒಳಗಿನ ಬೇರಿಂಗ್ ಮೇಲೆ ಅನುಮಾನ. ಕ್ಲಚ್ ಒತ್ತಿದಾಗ ಮಾತ್ರ ಸದ್ದು ಬಂದರೆ ಕ್ಲಚ್ ಬೇರಿಂಗ್. ಕ್ಲಚ್ಚಿಗೂ ಸದ್ದಿಗೂ ಸಂಬಂಧವಿಲ್ಲದಿದ್ದರೆ ಫ್ಯಾನು, ಆಲ್ಟರ್ನೇಟರ್ ಮುಂತಾದ ಇಂಜಿನ್ ಭಾಗಗಳನ್ನು ನೋಡಬೇಕು.

ಎರಡು: ಗೇರ್ ಬದಲಾಯಿಸುವ ಪರೀಕ್ಷೆ. 40 ಕಿಲೋಮೀಟರ್ ವೇಗದಲ್ಲಿ ಮೂರನೆಯ ಗೇರಿನಲ್ಲಿ ಒಮ್ಮೆ, ನಾಲ್ಕನೆಯ ಗೇರಿನಲ್ಲಿ ಒಮ್ಮೆ ಓಡಿಸಿ. ಗಾಡಿಯ ವೇಗ ಒಂದೇ, ಇಂಜಿನ್ ವೇಗ ಬೇರೆ. ಸದ್ದಿನ ದನಿ ಬದಲಾಗದಿದ್ದರೆ ದೋಷ ಗೇರ್ ಬಾಕ್ಸಿನಿಂದ ಹಿಂದಕ್ಕಿದೆ. ದನಿ ಬದಲಾದರೆ ಇಂಜಿನ್ ಅಥವಾ ಗೇರ್ ಬಾಕ್ಸಿನ ಕಡೆ ಇದೆ.

ಮೂರು: ಕಾಲಿನ ಪರೀಕ್ಷೆ. 50ರ ವೇಗದಲ್ಲಿ ಆಕ್ಸಿಲರೇಟರನ್ನು ಒತ್ತಿ ಎಳೆಸಿರಿ. ನಂತರ ಒಂದೇ ವೇಗದಲ್ಲಿ ಹಿಡಿಯಿರಿ. ನಂತರ ಕಾಲು ಬಿಡಿ. ಒತ್ತಿದಾಗ ಬಂದು ಬಿಟ್ಟಾಗ ನಿಲ್ಲುವ, ಇಲ್ಲವೇ ಬಿಟ್ಟಾಗ ಮಾತ್ರ ಬರುವ ಊಳು ಕ್ರೌನ್ ಪಿನಿಯನ್ ಹಲ್ಲಿನ ಗುರುತು. ಹಲ್ಲಿನ ಒಂದು ಮೈ ಎಳೆಯುವಾಗ ಕೆಲಸ ಮಾಡಿದರೆ ಇನ್ನೊಂದು ಮೈ ಕಾಲು ಬಿಟ್ಟಾಗ ಕೆಲಸ ಮಾಡುತ್ತದೆ.

ನಾಲ್ಕು: ನ್ಯೂಟ್ರಲ್ ಪರೀಕ್ಷೆ. ಸಮನಾದ ರಸ್ತೆಯಲ್ಲಿ 50ರ ವೇಗದಲ್ಲಿ ಗೇರನ್ನು ನ್ಯೂಟ್ರಲ್‌ಗೆ ತಂದು ಗಾಡಿಯನ್ನು ತಾನಾಗಿ ಓಡಲು ಬಿಡಿ. ಇಂಜಿನ್ ನಿಲ್ಲಿಸಕೂಡದು, ನಿಲ್ಲಿಸಿದರೆ ಬ್ರೇಕಿನ ಸಹಾಯಶಕ್ತಿ ತಪ್ಪುತ್ತದೆ, ಸ್ಟೇರಿಂಗ್ ಬಿಗಿಯಾಗುತ್ತದೆ. ಇಳಿಜಾರಿನಲ್ಲಿ ಈ ಪರೀಕ್ಷೆ ಬೇಡವೇ ಬೇಡ. ಸದ್ದು ಇದ್ದ ಹಾಗೆಯೇ ಇದ್ದರೆ ಮೊದಲು ಟೈರು ಮತ್ತು ಚಕ್ರದ ಬೇರಿಂಗ್, ಅನಂತರ ಶಾಫ್ಟು ಮತ್ತು ಹೌಸಿಂಗಿನ ಬೇರಿಂಗುಗಳನ್ನು ನೋಡತಕ್ಕದ್ದು. ಎಳೆತ ತಪ್ಪಿದೊಡನೆ ಸದ್ದೂ ನಿಂತರೆ ಹಲ್ಲುಗಳ ಮೇಲೆ ಅನುಮಾನ.

ಐದು: ಓಲಾಡಿಸುವ ಪರೀಕ್ಷೆ. 30ರಿಂದ 40ರ ವೇಗದಲ್ಲಿ ಸ್ಟೇರಿಂಗನ್ನು ಮೆಲ್ಲಗೆ ಎಡಕ್ಕೂ ಬಲಕ್ಕೂ ಆಡಿಸಿ. ಎಡಕ್ಕೆ ತಿರುಗಿಸಿದಾಗ ಗಾಡಿಯ ಭಾರ ಬಲಚಕ್ರಗಳ ಮೇಲೆ ಬೀಳುತ್ತದೆ. ಬಲಕ್ಕೆ ತಿರುಗಿಸಿದಾಗ ಎಡಚಕ್ರಗಳ ಮೇಲೆ ಬೀಳುತ್ತದೆ. ಎಡಕ್ಕೆ ತಿರುಗಿಸಿದಾಗ ಸದ್ದು ಜೋರಾದರೆ ಬಲಬದಿಯ ಬೇರಿಂಗನ್ನು ಮೊದಲು ನೋಡಬೇಕು. ನಮ್ಮ ಹುಡುಗ ಹೇಳಿದ್ದು ಇದನ್ನೇ. ಹೊರೆ ತುಂಬಿದ ಎತ್ತರದ ಗಾಡಿಯಲ್ಲಿ ಇದನ್ನು ರಭಸದಿಂದ ಮಾಡಿದರೆ ಗಾಡಿ ಮಗುಚೀತು. ಖಾಲಿ ಗಾಡಿಯಲ್ಲಿ ಮಾಡುವುದೇ ಕ್ಷೇಮ.

ಒಂದೊಂದು ಭಾಗದ ಲಕ್ಷಣ

ಟೈರು: ಡಾಂಬರು, ಕಾಂಕ್ರೀಟು, ಮಣ್ಣಿನ ರಸ್ತೆಗಳಲ್ಲಿ ಸದ್ದು ಬೇರೆ ಬೇರೆಯಾದರೆ ಟೈರಿನದೇ ಎಂದು ಬಹುಮಟ್ಟಿಗೆ ಹೇಳಬಹುದು. ಬೇರಿಂಗಿನ ಸದ್ದು ರಸ್ತೆ ನೋಡಿ ಬದಲಾಗುವುದಿಲ್ಲ. ಟೈರಿನ ಮೈಮೇಲೆ ಅಂಗೈ ಆಡಿಸಿ ನೋಡಿ. ಒಂದು ದಿಕ್ಕಿಗೆ ನುಣುಪಾಗಿ, ಇನ್ನೊಂದು ದಿಕ್ಕಿಗೆ ಗರಗಸದಂತೆ ತಾಗಿದರೆ, ಇಲ್ಲವೇ ಅಲ್ಲಲ್ಲಿ ತಗ್ಗುದಿಣ್ಣೆ ಸಿಕ್ಕಿದರೆ ಸವೆತ ಸರಿಯಿಲ್ಲ. ಮುಂದಿನ ಟೈರನ್ನು ಹಿಂದಕ್ಕೂ ಹಿಂದಿನದನ್ನು ಮುಂದಕ್ಕೂ ಹಾಕಿ ಓಡಿಸಿದಾಗ ಸದ್ದಿನ ಜಾಗವೂ ಬದಲಾದರೆ ಖಾತ್ರಿಯಾಯಿತು. ಅಲೈನ್‌ಮೆಂಟ್, ಶಾಕ್ ಅಬ್ಸಾರ್ಬರ್, ಗಾಳಿ, ಈ ಮೂರನ್ನು ಸರಿಪಡಿಸದೆ ಹೊಸ ಟೈರು ಹಾಕಿದರೆ ಅದೂ ಹಾಗೆಯೇ ಸವೆಯುತ್ತದೆ.

ಚಕ್ರದ ಬೇರಿಂಗ್: ವೇಗದೊಡನೆ ಏರುವ ದಪ್ಪ ಸದ್ದು. ನ್ಯೂಟ್ರಲ್‌ನಲ್ಲೂ ಇರುತ್ತದೆ, ತಿರುವಿನಲ್ಲಿ ಹೆಚ್ಚು ಕಡಿಮೆಯಾಗುತ್ತದೆ. ಚಕ್ರವನ್ನು ಜ್ಯಾಕಿನಿಂದ ಎತ್ತಿ, ಭದ್ರ ಆಸರೆ ಕೊಟ್ಟು, ಮೇಲೂ ಕೆಳಗೂ ಹಿಡಿದು ಅಲ್ಲಾಡಿಸಿ ನೋಡಬೇಕು. ಕೈಯಿಂದ ತಿರುಗಿಸುವಾಗ ಇನ್ನೊಂದು ಕೈಯನ್ನು ಕಮಾನಿನ ಪ್ಲೇಟಿನ ಮೇಲಿಟ್ಟರೆ ಕೆಟ್ಟ ಬೇರಿಂಗಿನ ಗರಗರ ಕೈಗೇ ತಿಳಿಯುತ್ತದೆ. ಅಲ್ಲಾಟ ಇಲ್ಲವೆಂದು ಬೇರಿಂಗ್ ಸರಿಯಿದೆ ಎನ್ನಲಾಗದು. ಗರಗರ ಮೊದಲು, ಅಲ್ಲಾಟ ಆಮೇಲೆ. ಹತ್ತು ಹದಿನೈದು ಕಿಲೋಮೀಟರ್ ಓಡಿಸಿ ನಿಲ್ಲಿಸಿ, ಎರಡೂ ಬದಿಯ ಡ್ರಮ್ಮಿನ ಹತ್ತಿರ ಅಂಗೈ ಹಿಡಿದು ಬಿಸಿ ಹೋಲಿಸಿ, ಮುಟ್ಟಬೇಡಿ. ಒಂದು ಬದಿ ಮಾತ್ರ ಹೆಚ್ಚು ಬಿಸಿಯಿದ್ದರೆ ಬೇರಿಂಗ್ ಇಲ್ಲವೇ ಹಿಡಿದುಕೊಂಡಿರುವ ಬ್ರೇಕು ಕಾರಣ. ಡ್ರಮ್ಮಿನ ಒಳಬದಿಯಲ್ಲಿ ಎಣ್ಣೆಯ ಕಲೆ ಕಂಡರೆ ಆ ಗಾಡಿಗೆ ಅಂದೇ ಹೊರೆ ಹೇರುವುದನ್ನು ನಿಲ್ಲಿಸಬೇಕು.

ಪ್ರೊಪೆಲ್ಲರ್ ಶಾಫ್ಟು: ಗಾಡಿ ಎಳೆಯುವಾಗ ಟಕ್ ಎಂದು ಒಂದು ಪೆಟ್ಟು ಕೇಳಿಸಿದರೆ ಕ್ರಾಸು ಸವೆದಿರಬಹುದು. ಒಂದು ನಿರ್ದಿಷ್ಟ ವೇಗದಲ್ಲಿ ಮಾತ್ರ ನೆಲಹಾಸು ನಡುಗಿ ಗುಂಯ್ ಎಂದರೆ ಶಾಫ್ಟಿನ ತೂಕ ತಪ್ಪಿರಬಹುದು, ಸೆಂಟರ್ ಬೇರಿಂಗಿನ ರಬ್ಬರು ಹರಿದಿರಬಹುದು, ಇಲ್ಲವೇ ಓರೆ ತಪ್ಪಿರಬಹುದು. ಪ್ಲೇಟು ಹಾಕಿಸಿದ ಮೇಲೆಯೇ ಸದ್ದು ಶುರುವಾಗಿ, ಖಾಲಿಯಿದ್ದಾಗ ಹೆಚ್ಚು, ಹೊರೆ ಬಿದ್ದಾಗ ಕಡಿಮೆ ಎಂದಾದರೆ ಓರೆಯ ಮೇಲೆಯೇ ಅನುಮಾನ. ಶಾಫ್ಟನ್ನು ಬಿಚ್ಚುವ ಮೊದಲು ಜೋಡಣೆಯ ಎರಡು ಕಡೆಗೂ ಗುರುತು ಹಾಕಿಸಿ. ಮತ್ತೆ ಅದೇ ಗುರುತಿಗೆ ಕೂರಿಸದಿದ್ದರೆ ಇಲ್ಲದ ನಡುಕ ಹೊಸದಾಗಿ ಹುಟ್ಟೀತು.

ಕ್ರೌನ್ ಪಿನಿಯನ್: ಕಾಲಿನ ಪರೀಕ್ಷೆಯಲ್ಲಿ ಸಿಕ್ಕಿಬೀಳುವ ಊಳು. ಎಲ್ಲ ಸ್ಥಿತಿಯಲ್ಲೂ ಇದ್ದು ಎಳೆತದಲ್ಲಿ ಹೆಚ್ಚಾಗುವ ಗುರ್ ಸದ್ದಾದರೆ ಪಿನಿಯನ್ ಬೇರಿಂಗ್ ನೋಡಬೇಕು. ತಿರುವಿನಲ್ಲಿ ಮಾತ್ರ ಕಟಕಟ ಎಂದರೆ ಒಳಗಿನ ಸಣ್ಣ ಗೇರುಗಳು. ಕ್ರೌನ್ ಮತ್ತು ಪಿನಿಯನ್ ಒಂದಕ್ಕೊಂದು ಹೊಂದಿಸಿದ ಜೋಡಿ, ಒಂದನ್ನೇ ಬದಲಿಸುವಂತಿಲ್ಲ. ಕೂರಿಸುವಾಗ ಹಲ್ಲಿನ ಸಡಿಲವನ್ನು ಡಯಲ್ ಗೇಜಿನಿಂದ ಅಳೆದು, ಬಣ್ಣ ಹಚ್ಚಿ ಹಲ್ಲು ತಾಗುವ ಜಾಗ ನೋಡಬೇಕು. ಈ ಸಲಕರಣೆ ಇಲ್ಲದ ಕಡೆ ಕ್ರೌನಿಗೆ ಕೈಹಾಕಿಸದಿರುವುದೇ ಒಳ್ಳೆಯದು.

ಗೇರ್ ಬಾಕ್ಸ್: ಒಂದೇ ಒಂದು ಗೇರಿನಲ್ಲಿ ಸದ್ದಾದರೆ ಆ ಗೇರಿನ ಹಲ್ಲು. ಹಲವು ಪಿಕ್‌ಅಪ್‌ಗಳಲ್ಲಿ ನಾಲ್ಕನೆಯ ಗೇರು ನೇರ ಗೇರು. ಅದರಲ್ಲಿ ಶಕ್ತಿ ಪಕ್ಕದ ಶಾಫ್ಟಿನ ಮೂಲಕ ಹಾದು ಹೋಗುವುದಿಲ್ಲ. ಅಂಥ ಗಾಡಿಯಲ್ಲಿ ಉಳಿದ ಗೇರುಗಳಲ್ಲಿ ಸದ್ದಾಗಿ ನಾಲ್ಕರಲ್ಲಿ ಸುಮ್ಮನಾದರೆ ಪಕ್ಕದ ಶಾಫ್ಟಿನ ಭಾಗ ಕೆಟ್ಟಿದೆ ಎಂದು ತಿಳಿಯಬಹುದು.

ಎಣ್ಣೆ ನೋಡದೆ ಏನನ್ನೂ ಬಿಚ್ಚಬೇಡಿ

ಮಣ್ಣು ಪರೀಕ್ಷೆ ಮಾಡಿಸದೆ ಗೊಬ್ಬರ ಹಾಕಬೇಡಿ ಎಂದು ಹೇಳುವಂತೆಯೇ, ಎಣ್ಣೆ ನೋಡದೆ ಬಿಡಿಭಾಗ ಕೊಳ್ಳಬೇಡಿ ಎನ್ನುತ್ತೇನೆ. ಗಾಡಿ ಸಮತಟ್ಟಾದ ನೆಲದಲ್ಲಿರುವಾಗ ಹೌಸಿಂಗಿನ ಮೇಲಿನ ಪ್ಲಗ್ಗು ಬಿಚ್ಚಿ. ಸಾಮಾನ್ಯವಾಗಿ ಎಣ್ಣೆ ಆ ತೂತಿನ ಅಂಚಿನವರೆಗೆ ಇರಬೇಕು. ಎಣ್ಣೆಯನ್ನು ಬಿಳಿ ಬಟ್ಟೆಯ ಮೇಲೆ ಹಾಕಿ ನೋಡಿ. ನುಣ್ಣನೆಯ ಕಪ್ಪು ಪುಡಿ ಮ್ಯಾಗ್ನೆಟ್ಟಿಗೆ ಅಂಟಿದ್ದರೆ ಸಾಧಾರಣ ಸವೆತ. ಉಕ್ಕಿನ ಚೂರು ಸಿಕ್ಕಿದರೆ ಒಳಗೆ ಏನೋ ಮುರಿದಿದೆ. ಎಣ್ಣೆ ಹಾಲಿನಂತೆ ಬೆಳ್ಳಗಾಗಿದ್ದರೆ ನೀರು ಸೇರಿದೆ.

ನೀರು ಸೇರುವುದು ನಮ್ಮ ಹಳ್ಳಿಗಳಲ್ಲಿ ಹೆಚ್ಚು. ದೂರ ಓಡಿ ಬಿಸಿಯಾದ ಗಾಡಿಯನ್ನು ನೇರವಾಗಿ ಕೆರೆಗೋ ಹಳ್ಳಕ್ಕೋ ಇಳಿಸಿ ತೊಳೆಯುತ್ತೇವೆ. ಬಿಸಿ ಹೌಸಿಂಗ್ ಒಮ್ಮೆಲೇ ತಣ್ಣಗಾದಾಗ ಒಳಗಿನ ಗಾಳಿ ಕುಗ್ಗುತ್ತದೆ. ಮೇಲಿರುವ ಸಣ್ಣ ಗಾಳಿಕೊಳವೆ ಕೆಸರಿನಿಂದ ಮುಚ್ಚಿದ್ದರೆ ಸೀಲಿನ ಸಂದಿನಿಂದ ನೀರನ್ನು ಒಳಕ್ಕೆ ಎಳೆಯುತ್ತದೆ. ಆದುದರಿಂದ ಗಾಡಿ ತಣಿಯುವವರೆಗೆ ಕಾಯಿರಿ, ಗಾಳಿಕೊಳವೆಯನ್ನು ಶುಚಿಯಾಗಿಡಿ. ಎಣ್ಣೆಯ ಜಾತಿ ಗಾಡಿಯ ಕೈಪಿಡಿಯಲ್ಲಿ ಹೇಳಿದ್ದೇ ಇರಲಿ. ಸದ್ದು ಅಡಗಿಸಲು ಬಹಳ ದಪ್ಪ ಎಣ್ಣೆ ಹಾಕುವುದು ಜ್ವರ ಬಂದವನಿಗೆ ಕಂಬಳಿ ಹೊದಿಸಿದಂತೆ, ರೋಗ ಹೋಗದು. ಹಳೆಯ ಗಾಡಿ ಕೊಳ್ಳುವಾಗಲೂ ಈ ಉಪಾಯಕ್ಕೆ ಮೋಸ ಹೋಗದಿರಲು ಎಣ್ಣೆಯನ್ನು ಮೊದಲು ನೋಡಿ.

ಕೆಲವು ಎಚ್ಚರಿಕೆಗಳು

ಜ್ಯಾಕಿನ ಮೇಲೆ ಮಾತ್ರ ನಿಂತ ಗಾಡಿಯ ಕೆಳಗೆ ಹೋಗಕೂಡದು. ಕಲ್ಲು, ಇಟ್ಟಿಗೆಗಳ ಆಸರೆಯನ್ನು ನಂಬಬಾರದು. ಹಿಂದಿನ ಚಕ್ರ ತಿರುಗಿಸಿ ನೋಡಲು ಹ್ಯಾಂಡ್ ಬ್ರೇಕ್ ಬಿಡಬೇಕಾಗುವುದರಿಂದ, ಮುಂದಿನ ಎರಡೂ ಚಕ್ರಗಳಿಗೆ ಹಿಂದೆಯೂ ಮುಂದೆಯೂ ಮರದ ಅಡ್ಡಿ ಇಡತಕ್ಕದ್ದು. ಒಂದು ಹಿಂಚಕ್ರ ಮಾತ್ರ ಎತ್ತಿದಾಗ ಇಂಜಿನನ್ನು ಗೇರಿಗೆ ಹಾಕಿ ತಿರುಗಿಸಬಾರದು. ಎತ್ತಿದ ಚಕ್ರ ಇಮ್ಮಡಿ ವೇಗದಲ್ಲಿ ತಿರುಗುವುದಲ್ಲದೆ ಗಾಡಿ ಜ್ಯಾಕಿನಿಂದ ಜಿಗಿಯಬಹುದು. ತಿರುಗುವ ಶಾಫ್ಟಿನ ಹತ್ತಿರ ಪಂಚೆ, ಟವಲ್ಲು, ಸೆರಗು ಸುಳಿಯಬಾರದು.

ಮೆಕ್ಯಾನಿಕ್ಕಿನ ಬಳಿ ಹೋಗುವಾಗ

"ಕ್ರೌನ್ ಹೋಗಿದೆ, ನೋಡಿ" ಎಂದು ಹೇಳಬೇಡಿ. ತಾವು ಬರೆದುಕೊಂಡದ್ದನ್ನು ಹೇಳಿ: ಸದ್ದು ಎಷ್ಟು ವೇಗದಲ್ಲಿ ಶುರುವಾಗುತ್ತದೆ, ಒತ್ತಿದಾಗಲೋ ಬಿಟ್ಟಾಗಲೋ, ನ್ಯೂಟ್ರಲ್‌ನಲ್ಲಿ ಇದೆಯೋ ಇಲ್ಲವೋ, ಯಾವ ತಿರುವಿನಲ್ಲಿ ಹೆಚ್ಚು, ಖಾಲಿಯಿದ್ದಾಗಲೋ ಹೊರೆಯಿದ್ದಾಗಲೋ, ಯಾವ ಮಾರ್ಪಾಡು ಮಾಡಿಸಿದ ಮೇಲೆ ಬಂತು. ಪಕ್ಕದಲ್ಲಿ ಕುಳಿತವರು ಮೊಬೈಲ್ ಫೋನಿನಲ್ಲಿ ಸದ್ದನ್ನು ಹಿಡಿದಿಟ್ಟುಕೊಂಡರೆ ಇನ್ನೂ ಉತ್ತಮ. ಸಾಧ್ಯವಾದರೆ ಮೆಕ್ಯಾನಿಕ್ಕನ್ನು ಕೂರಿಸಿಕೊಂಡು ಒಂದು ಸುತ್ತು ಓಡಿಸಿ. ಒಂದು ಬಾರಿಗೆ ಒಂದನ್ನೇ ಬದಲಾಯಿಸಿ, ಮತ್ತೆ ಓಡಿಸಿ ನೋಡಿ. ಪ್ರಯೋಗದ ತಾಕಿನಲ್ಲಿ ಬೀಜ, ಗೊಬ್ಬರ, ನೀರು ಮೂರನ್ನೂ ಒಟ್ಟಿಗೆ ಬದಲಾಯಿಸಿದರೆ ಇಳುವರಿ ಯಾವುದರಿಂದ ಬಂತೆಂದು ತಿಳಿಯದು, ಅಲ್ಲವೇ? ತೆಗೆದ ಹಳೆಯ ಭಾಗವನ್ನು ಕೇಳಿ ಪಡೆದು ಕಣ್ಣಾರೆ ನೋಡಿ.

ವಿಸ್ತರಣಾ ಕಾರ್ಯಕರ್ತ ಮಿತ್ರರಿಗೆ ಒಂದು ಮಾತು. ಅಂದು ನಾನು ಫೋನಿನಲ್ಲಿ ಮಾಡಿದ ತಪ್ಪನ್ನೇ ನಾವು ಹೊಲದ ಬದುವಿನಲ್ಲಿ ನಿಂತು ಎಷ್ಟೋ ಸಲ ಮಾಡುತ್ತೇವೆ. ದಿನವೂ ಬೆಳೆಯ ನಡುವೆ ಓಡಾಡುವ ಹೆಣ್ಣುಮಗಳನ್ನೋ ನೀರು ಕಟ್ಟುವ ಹುಡುಗನನ್ನೋ ಕೇಳದೆ ಔಷಧಿಯ ಹೆಸರು ಬರೆದುಕೊಡುತ್ತೇವೆ. ಕೇಳುವುದಕ್ಕೆ ಐದು ನಿಮಿಷ ಸಾಕು.

ನಮ್ಮ ಅಣ್ಣನ ಗಾಡಿಗೆ ಬೇರಿಂಗ್, ಸೀಲು, ಬ್ರೇಕ್ ಲೈನಿಂಗ್ ಹಾಕಿಸಿದ ಖರ್ಚು ಕ್ರೌನಿಗೆ ಕೊಟ್ಟದ್ದರ ಕಾಲುಭಾಗವೂ ಆಗಲಿಲ್ಲ. ಹೆಚ್ಚಿನ ಪ್ಲೇಟುಗಳನ್ನು ತೆಗೆಸಿ, ಕಂಪನಿಯ ಅಳತೆಯ ಟೈರು ಹಾಕಿಸಿದ್ದಾರೆ. ಈಗ 75 ಬಾಕ್ಸು ಹೇರುತ್ತಾರೆ. ಕಟಾವು ಹೆಚ್ಚಿದ್ದ ದಿನ ಎರಡು ಸಲ ಹೋಗಿಬರುತ್ತಾರೆ. "ಡೀಸೆಲ್ ಖರ್ಚು ಜಾಸ್ತಿ ಕಣಪ್ಪಾ" ಎಂದು ಒಮ್ಮೊಮ್ಮೆ ಗೊಣಗುವುದುಂಟು. ಆದರೆ ಗಾಡಿಯಲ್ಲಿ ಏನಾದರೂ ಹೊಸ ಸದ್ದು ಕೇಳಿಸಿದರೆ ಈಗ ಮೊದಲು ನನ್ನನ್ನೂ ಕೇಳುವುದಿಲ್ಲ, ಮೆಕ್ಯಾನಿಕ್ಕನ್ನೂ ಕೇಳುವುದಿಲ್ಲ. ಮಗನನ್ನು ಕರೆದು, "ಯಾವಾಗ ಬರ್ತೈತೆ, ಹೇಳು" ಎನ್ನುತ್ತಾರೆ.

ತಾವೂ ಹಾಗೆಯೇ ಮಾಡಬೇಕೆಂದು ಕೋರುತ್ತೇನೆ.